ಔಟ್ ಅಂದವಳು ನಾನೇ

ಆ ಬ್ಯಾಟು ನಮ್ಮ ಮನೆಗೆ ಬಂದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಒಂದಿಷ್ಟು ಜನರನ್ನು ಬೈಯುವುದಿದೆ, ಬೈಯುವವಳು ತನ್ನ ತಪ್ಪನ್ನು ಮೊದಲು ಒಪ್ಪಿಕೊಂಡಿರಬೇಕು. ಟೆನಿಸ್ಸಿನದಕ್ಕೆ ರ‍್ಯಾಕೆಟ್ ಅನ್ನಬೇಕಂತೆ. ಹಾಗನ್ನುವವರು ಪೇಪರಿನವರು. ಸಿಂದಗಿಯಲ್ಲಿ ನಾವೆಲ್ಲ ಬ್ಯಾಟು ಅಂತಲೇ ಅನ್ನುತ್ತೇವೆ, ನಾನೂ ಹಾಗೇ ಬರೆಯುತ್ತೇನೆ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಊರಿಗೆಲ್ಲ ಬಾಯಾರು. ಕೆಂಪು ಪೆನ್ನು ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ, ಬಾಯಿ ಅದಕ್ಕಿಂತ ಮೊದಲೇ ಸುಮ್ಮನಿರುವುದಿಲ್ಲ. ನನ್ನ ಗಂಡ ಇದಕ್ಕೆ ತದ್ವಿರುದ್ಧ. ಮುದ್ದೇಬಿಹಾಳ, ಇಂಡಿ, ಬಸವನ ಬಾಗೇವಾಡಿ, ಕಡೆಗೆ ಸಿಂದಗಿ, ಹೀಗೆ ನಾಲ್ಕೂ ಕಡೆ ಆಟದ ಮಾಸ್ತರರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಸೀಟಿ ಊದಿದ ಮನುಷ್ಯ ಮನೆಯಲ್ಲಿ ಒಂದು ದಿನ ದನಿ ಎತ್ತಲಿಲ್ಲ. "ನನ್ನ ಪಾಲಿಂದೂ ನೀನ ಒದರತಿಯಲ್ಲ, ಮತ್ತ ನಾ ಯಾಕ ಗಂಟಲಾ ಹರಕೋಬೇಕು?" ಅನ್ನುತ್ತಾರೆ.

ಊರಲ್ಲಿರುವುದು ಒಂದೇ ಟೆನಿಸ್ ಅಂಗಳ. ಗರಸು, ಅಂದರೆ ಸಣ್ಣ ಹರಳಿನ ಮಣ್ಣಿನದು. ಇವರು ಇಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ನಾಲ್ಕು ಜನ ಹಳೆಯ ಶಿಷ್ಯರನ್ನು ಕಟ್ಟಿಕೊಂಡು ತಾವೇ ಗುದ್ದಲಿ ಹಿಡಿದು ಮಾಡಿದ್ದು. ನಾಲ್ಕು ಮೂಲೆಗೆ ಗೇಣುದ್ದದ ಕಬ್ಬಿಣದ ಮೊಳೆ ಹೊಡೆದು, ತಲೆ ಮಾತ್ರ ಕಾಣುವಂತೆ ಬಿಟ್ಟಿದ್ದಾರೆ. ಬೆಳಿಗ್ಗೆ ನೀರು ಚಿಮುಕಿಸಿ, ಉರುಳುಗಲ್ಲು ಎಳೆದು, ಮೊಳೆಯಿಂದ ಮೊಳೆಗೆ ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ ಗೆರೆ ಎಳೆಯಬೇಕು. ಸಂಜೆಗೆ ಆ ಗೆರೆ ಇರುವುದಿಲ್ಲ, ಮರುದಿನ ಮತ್ತೆ ಎಳೆಯಬೇಕು. ಬೇಲಿಯಾಚೆ ತೊಗರಿ ಹೊಲ.

ಇವರ ಹಳೆಯ ಬ್ಯಾಟು ಮುದ್ದೇಬಿಹಾಳದಲ್ಲಿದ್ದ ಕಾಲದ್ದು. ಮುಖ ಸಣ್ಣದು, ಕಟ್ಟು ತೆಳ್ಳಗಿನದು, ಆದರೆ ಕೈಯಲ್ಲಿ ಹಿಡಿದರೆ ಒಳಕಲ್ಲಿನ ಗುಂಡಿನ ಹಾಗೆ ಭಾರ. ತನ್ನದು ಅಂತ ಅದಕ್ಕೆ ಒಂದು ಗುಂಜಿ ಶಕ್ತಿ ಇಲ್ಲ. ನೀವು ಎಷ್ಟು ಕೊಟ್ಟಿರೋ ಅಷ್ಟನ್ನೇ ಚೆಂಡಿಗೆ ಮುಟ್ಟಿಸುತ್ತದೆ. ಇವರು ಕೊಡುವುದರಲ್ಲಿ ಎಂದೂ ಕಡಿಮೆ ಮಾಡಿದವರಲ್ಲ. ಬೆನ್ನ ಹಿಂದಿನಿಂದ ಕೈ ಹೊರಟರೆ ಎದುರಿನ ಹೆಗಲಿಗೆ ಬಂದು ನಿಲ್ಲುವವರೆಗೆ ಬೀಸು. ಚೆಂಡು ಬಲೆಯನ್ನು ಸವರಿಕೊಂಡು ಹೋಗಿ ಹಿಂದಿನ ಗೆರೆಯೊಳಗೆ ಒಂದು ಗೇಣಿಗೆ ಬೀಳುತ್ತಿತ್ತು. ಯಾವಾಗ ನೋಡಿದರೂ ಒಂದೇ ಗೇಣು. ನಾನು ಕಟ್ಟೆಯ ಮೇಲೆ ಕುಳಿತು ನೋಟ್‌ಬುಕ್ ತಿದ್ದುತ್ತ ಅದನ್ನೆಷ್ಟು ಸಲ ನೋಡಿದ್ದೇನೋ. ಮದುವೆಯಾದ ಹೊಸದರಲ್ಲಿ ನನಗೆ ಈ ಮನುಷ್ಯನ ಮೇಲೆ ಮನಸ್ಸು ಕೂತದ್ದೇ ಆ ಬೀಸು ನೋಡಿ. ಇದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ, ಹೇಳಿದರೆ ಹಿಗ್ಗಿ ಹೀರೇಕಾಯಿಯಾಗುತ್ತಾರೆ.

ಹೋದ ಮಳೆಗಾಲದಲ್ಲಿ ಇವರಿಗೆ ಚಿಕುನ್‌ಗುನ್ಯಾ ಬಂತು. ಜ್ವರ ವಾರಕ್ಕೆ ಹೋಯಿತು, ಕೀಲುನೋವು ಹೋಗಲಿಲ್ಲ. ಮಣಿಕಟ್ಟು, ಮೊಣಕೈ, ಹೆಗಲು ಒಂದೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಜೋಳದ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ನಾನೇ ಮುರಿದು ಹಾಲಿನಲ್ಲಿ ನೆನೆಹಾಕಿ ಕೊಟ್ಟರೆ ಮುಖ ಆಚೆ ಮಾಡಿಕೊಂಡು ತಿನ್ನುತ್ತಿದ್ದರು. ಅಂಗಿಯ ಗುಂಡಿ ಹಾಕಲು ಹೋದರೆ ಚಾವಣಿ ನೋಡುತ್ತ ನಿಲ್ಲುತ್ತಿದ್ದರು. ನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲ, ತಾವಾಗಿ, ಬಾಯಿ ಬಿಟ್ಟು ಆಸೆ ಹೇಳಿಕೊಂಡರು: "ಈ ಸಲ ಬಾಗೇವಾಡಿಗೆ ಹೋಗಿ ಆಡಬೇಕಾಗಿತ್ತು ನೋಡು."

ಬಾಗೇವಾಡಿ ಅಂದರೆ ಬಸವನ ಬಾಗೇವಾಡಿ. ಬೇಸಿಗೆಗೆ ಮುಂಚೆ ಅಲ್ಲಿ ನಾಲ್ಕು ತಾಲೂಕಿನ ಹಿರಿಯ ಆಟಗಾರರು ಸೇರಿ ಡಬಲ್ಸ್ ಆಡುತ್ತಾರೆ. ಬಹುಮಾನ ಅಂತ ದೊಡ್ಡದೇನಿಲ್ಲ, ಗೆದ್ದವರಿಗೂ ಸೋತವರಿಗೂ ಒಂದೇ ಊಟ. ಆದರೆ ಇವರೂ ಮುದ್ದೇಬಿಹಾಳದ ಬಟ್ಟೆ ಅಂಗಡಿಯ ಇವರ ಗೆಳೆಯರೂ ಜೋಡಿಯಾಗಿ ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಗೆಳೆಯರು ಮುಸಲ್ಮಾನರು, ಇವರಿಗಿಂತ ಎರಡು ವರ್ಷ ದೊಡ್ಡವರು, ಹೊಟ್ಟೆಯೂ ಅಷ್ಟೇ ದೊಡ್ಡದು. ಬಲೆಯ ಹತ್ತಿರ ನಿಂತರೆ ಗೋಡೆ. ಹಿಂದಿನ ಗೆರೆಯಿಂದ ಇವರು ಹೊಡೆಯಬೇಕು, ಮುಂದೆ ಅವರು ಮುಗಿಸಬೇಕು, ಅದೇ ಅವರ ಮೂವತ್ತು ವರ್ಷದ ಸಂಸಾರ.

ಕಾರ್ತಿಕ ಕಳೆದ ಮೇಲೆ ಇವರು ಅಂಗಳಕ್ಕೆ ಹೋದರು. ಹಳೆಯ ಬ್ಯಾಟು ಭಾರ, ಅದನ್ನು ಹೊತ್ತಿಗೆ ಸರಿಯಾಗಿ ಮುಂದೆ ತರಲು ಕೈಗೆ ಆಗಲೊಲ್ಲದು. ಚೆಂಡು ಒಂದರ ಹಿಂದೊಂದು ಬಲೆಗೆ. ಮೂರನೆಯ ದಿನ ಮನೆಗೆ ಬಂದು ಬ್ಯಾಟಿಗೆ ಚೀಲ ತೊಡಿಸಿ ಗೂಟಕ್ಕೆ ತಗುಲಿಹಾಕಿದರು. "ಬ್ಯಾಟು ಭಾಳ ಹಳೇದಾತು," ಅಂದರು. ಶಿಷ್ಯರು ಯಾರಾದರೂ ಬ್ಯಾಟಿನ ಮೇಲೆ ತಪ್ಪು ಹಾಕಿದರೆ ಅಂಗಳ ಐದು ಸುತ್ತು ಓಡಿಸುತ್ತಿದ್ದ ಮಾಸ್ತರ ಬಾಯಲ್ಲಿ ಆ ಮಾತು! ನನ್ನ ಕರುಳು ಚುರ್ ಅಂತು.

ಆ ಭಾನುವಾರವೇ ಇಂಡಿ ಮೇಲೆ ಹಾಯ್ದು ಸೊಲ್ಲಾಪುರಕ್ಕೆ ಹೋದೆ. ಇವರಿಗೆ ಸೀರೆ ತರಲು ಹೋಗುತ್ತೇನೆ ಅಂದಿದ್ದೆ. ಆಟದ ಸಾಮಾನಿನ ಅಂಗಡಿಯವನು ಕನ್ನಡದವನೇ.

"ಆಡವರು ಯಾರ್ರಿ? ಹೆಂಗ ಆಡತಾರ?" ಅಂದ.

"ಜಡ್ಡಿನ್ಯಾಗಿಂದ ಎದ್ದಾರ್ರಿ. ಕೈಯಾಗ ಕಸುವಿಲ್ಲ. ತಾನ ಕಸುವು ಕೊಡೂ ಬ್ಯಾಟು ಇದ್ರ ಕೊಡ್ರಿ."

ಒಂದನ್ನು ತೆಗೆದು ಕೊಟ್ಟ. ಮುಖ ಅಗಲ, ಕಟ್ಟು ದಪ್ಪ, ಎತ್ತಿದರೆ ಹೂವಿನಷ್ಟು ಹಗುರ. ಸುಮ್ಮನೆ ಮುಂದಿಟ್ಟರೂ ಚೆಂಡು ತಾನೇ ಹಾರುತ್ತದೆ ಅಂದ. ಆಮೇಲೆ, ಪಾಪ, ಕೇಳಲೂ ಕೇಳಿದ: "ಮೊದಲಿಂದ ಆಡಿದ ಮಂದ್ಯೇನ್ರಿ? ಪೂರಾ ಕೈ ಬೀಸತಾರೇನು? ಹಂಗಿದ್ರ ಇದು ಕೈ ಮೀರಿ ಹೋಗತೈತಿ ನೋಡ್ರಿ. ಇದು ಸಣ್ಣ ಬೀಸಿನವರದು."

"ಎಲ್ಲೀ ಬೀಸು ಬಿಡ್ರಿ, ಅನ್ನದ ವಾಟಗಾ ಎತ್ತಾಕ ಆಗವಲ್ದು ಅವರಿಗೆ," ಅಂದುಬಿಟ್ಟೆ.

ಇದೇ ನನ್ನ ತಪ್ಪು. ಹೆಂಗೆ ಆಡುತ್ತಾರೆ ಅಂತ ಕೇಳಿದರೆ ಜಡ್ಡಿನ, ಊಟದ ಬಟ್ಟಲಿನ ವಿಚಾರ ಹೇಳಿದೆ.

ಇವರು ಬ್ಯಾಟು ಕೈಗೆ ತೆಗೆದುಕೊಂಡರು. ಅದರ ಮುಖವನ್ನು ಅಂಗೈಯಿಂದ ಎರಡು ಸಲ ತಟ್ಟಿ, "ಸೀರಿ ಎಲ್ಲಿ?" ಅಂದರು. "ಇದನ್ನ ಉಟ್ಕೋತೇನಿ," ಅಂದೆ. ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟು ನಕ್ಕರು.

ಮರುದಿನ ಬೆಳಿಗ್ಗೆ ಮೊದಲನೆಯ ಚೆಂಡು ಬೇಲಿ ದಾಟಿ ತೊಗರಿಯಲ್ಲಿ ಹೋಗಿ ಬಿತ್ತು. ಎರಡನೆಯದೂ ಅಲ್ಲಿಗೇ. ಹಗುರ ಬ್ಯಾಟು ಕೈಗೆ ಬಂದದ್ದೇ ತಡ, ಮೈ ಹಳೆಯ ಬೀಸನ್ನು ನೆನಪು ಮಾಡಿಕೊಂಡಿತ್ತು. ಹಿಂದಿನಿಂದ ಹೊರಟ ಕೈ ಎದುರು ಹೆಗಲಿನವರೆಗೆ ಬರುತ್ತಿತ್ತು. ಇವರು ಕೊಡುವುದನ್ನು ಇವರು ಕೊಟ್ಟರೆ, ಬ್ಯಾಟು ತನ್ನದನ್ನೂ ಮೇಲೆ ಸುರಿದು ಕಳಿಸುತ್ತಿತ್ತು. ಅಂಗಡಿಯವನು ಹೇಳಿದ್ದು ಅಕ್ಷರಶಃ ನಿಜವಾಯಿತು. ಆದರೆ ಇವರ ಮುಖ ನೋಡಬೇಕಿತ್ತು! ಬಲೆಗೆ ಬೀಳುತ್ತಿದ್ದ ಚೆಂಡು ಹಾರುತ್ತಿದೆಯಲ್ಲ, ಅದೇ ಸಾಕಾಗಿತ್ತು. ಒಂದು ವಾರದಲ್ಲಿ ಹೊಲಕ್ಕೆ ಹೋಗುವುದು ನಿಂತು, ಚೆಂಡು ಹಿಂದಿನ ಗೆರೆಯಿಂದ ಒಂದು ಗೇಣು, ಒಂದು ಮೊಳ ಆಚೆ ಬೀಳತೊಡಗಿತು. ಅಲ್ಲಿಂದ ಒಳಗೆ ಮಾತ್ರ ಬರಲೊಲ್ಲದು.

ಇಲ್ಲಿ ನಮ್ಮ ಅಂಗಳದ ಒಂದು ಪದ್ಧತಿ ಹೇಳಬೇಕು. ಟೆನಿಸ್ಸಿನಲ್ಲಿ ಅಂಪೈರ್ ಇಲ್ಲದಿದ್ದರೆ ಚೆಂಡು ಯಾರ ಕಡೆ ಬಿತ್ತೋ ಅವರೇ ಔಟ್ ಅನ್ನಬೇಕು. ಅನುಮಾನವಿದ್ದರೆ ಎದುರಿನವರಿಗೆ ಬಿಟ್ಟುಕೊಡಬೇಕು. ಇದನ್ನು ಎಲ್ಲರಿಗೂ ಕಲಿಸಿದವರು ಇವರೇ. ಅಲ್ಲಿ ಆಡುವವರೆಲ್ಲ ಇವರ ಶಿಷ್ಯರೇ ಅಲ್ಲವೆ. ಒಬ್ಬಳು ಮಕ್ಕಳ ಡಾಕ್ಟರು, ಇಂಡಿಯ ಶಾಲೆಯಲ್ಲಿ ಇವರು ಓಡಲು ಕಲಿಸಿದ ಹುಡುಗಿ. ಒಂದು ದಿನ ಅವಳೇ ಇವರ ಎದುರಿಗಿದ್ದಳು. ಚೆಂಡು ನನ್ನ ಕಣ್ಣೆದುರಿಗೇ ಗೆರೆಯಿಂದ ಒಂದು ಮೊಳ ಹೊರಗೆ ಬಿತ್ತು. "ಒಳಗ ಐತ್ರಿ ಸರ್!" ಅಂತ ಕೂಗಿ, ಗರಸಿನ ಮೇಲೆ ಮೂಡಿದ್ದ ಗುರುತನ್ನು ಬೂಟಿನಿಂದ ತಿಕ್ಕಿ ಅಳಿಸಿದಳು. ಆಕಡೆ ಇವರು ಮುಷ್ಟಿ ಬಿಗಿದು ಕುಣಿದರು. ಅರವತ್ನಾಲ್ಕು ವರ್ಷದ ಮನುಷ್ಯ.

ಆಟ ಮುಗಿದ ಮೇಲೆ ಅವಳನ್ನು ನಲ್ಲಿಯ ಹತ್ತಿರ ಹಿಡಿದೆ. "ಡಾಕ್ಟರಬಾಯಿ, ಕಣ್ಣಿಗೆ ಏನಾಗೈತಿ ನಿನಗ?"

"ಅನುಮಾನ ಇದ್ರ ಬಿಟ್ಟು ಕೊಡ್ರಿ ಅಂತ ಸರ್ ಕಲಿಸ್ಯಾರಲ್ರಿ, ಬಾಯಾರ. ನಮಗ ಇತ್ತೀಚಿಗೆ ಅನುಮಾನ ಭಾಳ ಬರಾಕತ್ತಾವ." ಹಾಗಂದು ನಕ್ಕಳು, ನಗುತ್ತಲೇ ಅವಳ ಕಣ್ಣು ತುಂಬಿತು. ನಾನು ಮುಂದೆ ಮಾತಾಡಲಿಲ್ಲ.

ಮಾತಾಡಬೇಕಿತ್ತು. ಆದರೆ ಮನೆಯಲ್ಲಿ ಇವರು ಮತ್ತೆ ಮನುಷ್ಯರಾಗಿದ್ದರು. ರೊಟ್ಟಿ ತಾವೇ ಮುರಿಯುತ್ತಿದ್ದರು. ಶೇಂಗಾ ಹಿಂಡಿಗೆ, ಅದೇ ಚಟ್ನಿಪುಡಿಗೆ, ಮೊಸರು ಕಲಸುತ್ತ ಹಳೆಯ ಆಟಗಳ ಸುದ್ದಿ ಹೇಳುತ್ತಿದ್ದರು. ಒಂದು ದಿನ ಮುದ್ದೇಬಿಹಾಳಕ್ಕೆ ಫೋನು ಹಚ್ಚಿ, "ಬರ್ತೇನೋ. ಬಾಗೇವಾಡಿಗೆ ಬಂದ ಬರ್ತೇನಿ. ಒಂದೂ ಔಟ್ ಹೋಗವಲ್ದು," ಅಂದರು. ಕೈಯಲ್ಲಿದ್ದ ಚಹಾದ ಬಟ್ಟಲು ನನಗೆ ಬಿಸಿ ಹತ್ತಿತು. ಬಾಗೇವಾಡಿಯಲ್ಲಿ ಎದುರಿಗೆ ನಿಲ್ಲುವವರು ಇವರ ಶಿಷ್ಯರಲ್ಲ. ಮೊದಲ ಹತ್ತು ಚೆಂಡಿಗೆ ಹತ್ತು ಸಲ ಔಟ್ ಅಂತಾರೆ, ಊರ ಮಂದಿಯ ಮುಂದೆ. ಆಟಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು.

ಅದಾದ ಮುಂದಿನ ಭಾನುವಾರ ನೋಟ್‌ಬುಕ್ ತಿದ್ದುತ್ತ ಕುಳಿತವಳು ಸುಮ್ಮನೆ ತಲೆ ಎತ್ತಿದೆ. ಹಿಂದಿನ ಗೆರೆ ಎಂದಿನ ಕಡೆ ಇರಲಿಲ್ಲ. ಎದ್ದು ಹೋಗಿ ನೋಡಿದೆ. ಮೊಳೆಯ ತಲೆ ಗೆರೆಯೊಳಗೆ ಒಂದೂವರೆ ಅಡಿಗೆ ಇತ್ತು. ಗೆರೆಯನ್ನೇ ಆಚೆ ಎಳೆದಿದ್ದರು! ಅದೂ ಉತ್ತರದ ಕಡೆಯದನ್ನು ಮಾತ್ರ. "ಸರ್, ಈ ಕಡೆ ಬಿಸಿಲು ಕಣ್ಣಿಗೆ ಹೊಡೀತೈತ್ರಿ, ನೀವು ಆ ಕಡೇನ ಇರ್ರಿ," ಅಂತ ಇವರನ್ನು ಹದಿನೈದು ದಿನದಿಂದ ದಕ್ಷಿಣದ ಕಡೆಯೇ ನಿಲ್ಲಿಸಿದ್ದು ಈಗ ಅರ್ಥವಾಯಿತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವರು ಏನೂ ಅನ್ನದಿದ್ದರೂ ನೋಡುವವರೇ ನೆಲ ಡೊಂಕು ಮಾಡಿ ಕೊಟ್ಟಿದ್ದರು. ಬೆಳಿಗ್ಗೆ ಐದೂವರೆಗೆ ಎದ್ದು ಬಂದು, ಹಗ್ಗ ಹಿಡಿದು, ಮಕ್ಕಳ ಡಾಕ್ಟರು, ಅಂಚೆ ಕಚೇರಿಯವನು, ಸಿಮೆಂಟು ಅಂಗಡಿಯವನು, ದೊಡ್ಡ ದೊಡ್ಡ ಮನುಷ್ಯರು ಕೂಡಿ ಮಾಡಿದ ಕಳ್ಳತನ. ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಅಷ್ಟರಲ್ಲಿ ಇವರು ಹೊಡೆದ ಚೆಂಡು ಮೊಳೆಗೂ ಆ ಸುಳ್ಳು ಗೆರೆಗೂ ನಡುವೆ ಬಿತ್ತು. "ಸೂಪರ್ ಸರ್!" ಅಂದಳು ಡಾಕ್ಟರು.

"ಔಟ್!" ಅಂದೆ.

ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ದನಿ ನನ್ನದು. ಚಪ್ಪಲಿಯಲ್ಲೇ ಅಂಗಳದೊಳಗೆ ಹೋದೆ, ಟೆನಿಸ್ ಅಂಗಳಕ್ಕೆ ಚಪ್ಪಲಿ ಹಾಕಿ ಕಾಲಿಡಬಾರದು ಅಂತ ಇವರದೇ ಕಟ್ಟಪ್ಪಣೆ. ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸುತ್ತ ಹೋದೆ. "ಔಟ್ ಐತ್ರಿ. ನಿನ್ನಿದೂ ಔಟ್ ಇತ್ತು, ಮೊನ್ನಿದೂ ಔಟ್ ಇತ್ತು. ಬರ್ರಿ ಇಲ್ಲಿ, ಮೊಳಿ ಎಲ್ಲೈತಿ ನೋಡ್ರಿ."

ಇವರು ಬಲೆ ದಾಟಿ ನಿಧಾನಕ್ಕೆ ಬಂದರು. ಮೊಳೆ ನೋಡಿದರು. ಅಳಿಸಿದ ಗೆರೆ ನೋಡಿದರು. ಒಬ್ಬೊಬ್ಬರದೇ ಮುಖ ನೋಡಿದರು. ಬ್ಯಾಟನ್ನು ಚೀಲಕ್ಕೆ ಹಾಕಿ, ಜಿಪ್ ಎಳೆಯದೆ ಹಾಗೇ ಬಗಲಲ್ಲಿ ಇಟ್ಟುಕೊಂಡು ಹೊರಟುಹೋದರು.

"ಯಾಕ ಹಿಂಗ ಮಾಡಿದ್ರಿ ಬಾಯಾರ?" ಅಂದಳು ಡಾಕ್ಟರು. "ಒಂದಿಷ್ಟು ದಿನ ಖುಷಿಯಾಗಿ ಇರತಿದ್ರು."

"ಆಮ್ಯಾಲೆ? ಬಾಗೇವಾಡಿಗೆ ಹೋಗಿ ಅಲ್ಲೂ ಗೆರಿ ಎಳೀತೀಯೇನು?" ಅಂದೆ. ಜೋರಾಗಿ ಅಂದೆ ನಿಜ, ಆದರೆ ಮನೆಗೆ ಹೋಗುವುದನ್ನು ಬಿಟ್ಟು ಉಳಿದ ನೋಟ್‌ಬುಕ್ ತಿದ್ದುತ್ತ ಕಟ್ಟೆಯ ಮೇಲೇ ಕುಳಿತೆ.

ಎರಡು ದಿನ ಮಾತಿಲ್ಲ. ಉಂಡರು, ಎದ್ದರು, ಪೇಪರ್ ಓದಿದರು. ಮೂರನೆಯ ದಿನ ಬೆಳಿಗ್ಗೆ ಚಹಾ ಇಟ್ಟು ಹೊರಡುತ್ತಿದ್ದೆ, "ಕೂಡು," ಅಂದರು.

ಕುಳಿತೆ.

"ನನಗೂ ಅನುಮಾನ ಇತ್ತು. ನಲವತ್ತು ವರ್ಸ ಸುಣ್ಣದ ಗೆರಿ ಹೊಡದಂವ ನಾನು, ನನಗ ತಿಳಿಯೂದಿಲ್ಲೇನು? ಹೋಗಿ ನೋಡಬೇಕಂತ ಎಷ್ಟೋ ಸಲ ಅನಿಸ್ತು. ಅಂಜಿಕಿ ಬಂತು."

"ನನ್ನ ಮ್ಯಾಲೆ ಸಿಟ್ಟೈತೇನ್ರಿ?"

"ಇತ್ತು. ನಿನ್ನೆ ಸಂಜೀತನ ಇತ್ತು." ಚಹಾ ಕುಡಿದರು. "ಅವರು ಹುಡುಗ್ರು, ಪ್ರೀತಿಲೆ ಮಾಡ್ಯಾರ. ಆದ್ರ ಅವರು ನನ್ನ ಜಡ್ಡಿನ ಮನಷ್ಯಾ ಅಂತ ನೋಡಿದ್ರು. ನೀ ಔಟ್ ಅಂದಿ. ಅದು ಆಟಗಾರಗ ಅನ್ನೂ ಮಾತು."

ಆಗ ನನಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ನಾನು ಆಡಿದ ಮಾತನ್ನು, ಅನ್ನದ ವಾಟಗಾ ಸಮೇತ, ಎಲ್ಲ ಹೇಳಿ ಅತ್ತೆ. "ನಾನೂ ಜಡ್ಡಿನ ಮನಷ್ಯಾ ಅಂತ ಹೇಳೇ ಈ ಬ್ಯಾಟು ತಂದೇನ್ರಿ." ಇವರು ಮೊದಲು ಬೆಪ್ಪಾಗಿ ನೋಡಿದರು, ಆಮೇಲೆ ಕೆಮ್ಮು ಬರುವವರೆಗೂ ನಕ್ಕರು. "ಹಂಗಾರ ನಡಿ," ಅಂದರು, "ಅವನಿಗೆ ತೋರಿಸೂಣು."

ಸೊಲ್ಲಾಪುರದ ಅಂಗಡಿಯಲ್ಲಿ ಇವರು ತೂಗುಹಾಕಿದ ಅಂಗಿಗಳ ನಡುವೆ ಜಾಗ ಮಾಡಿಕೊಂಡು ಒಮ್ಮೆ ಬೀಸಿ ತೋರಿಸಿದರು. ಅಂಗಡಿಯವನು ನನ್ನನ್ನೇ ನೋಡಿದ. "ಇಂಥಾ ಬೀಸು ಇದ್ದವರಿಗೆ ಈ ಬ್ಯಾಟೇನ್ರಿ, ತಾಯಿ? ಓಡೂ ಕುದುರಿಗೆ ಚಾಟಿ ಹೊಡದಂಗಾತು." ಪಳಗಿದವರಿಗೆ ಬೇಕಾದದ್ದು ಕಸುವಲ್ಲ, ಹಿಡಿತ ಅಂದ. ಕಸುವು ಅವರಲ್ಲೇ ಇರುತ್ತದೆ. ಹಿಡಿತದ ಬ್ಯಾಟು ಎರಡು ತೋರಿಸಿದ. ಎರಡೂ ಭಾರ. ಇವರು ಹತ್ತು ಸಲ ಬೀಸಿ ಮಣಿಕಟ್ಟು ಒತ್ತಿಕೊಂಡರು. ಆ ಭಾರ ಹಿಡಿದು ಎರಡು ತಾಸು ಆಡುವ ಕಾಲ ಮುಗಿಯಿತು ಅನ್ನುವುದು ಮೂವರಿಗೂ ತಿಳಿಯಿತು. "ಇದನ್ನ ಹದಕ್ಕ ತರೂಣು," ಅಂದರು ಇವರು ನಾನು ಕೊಂಡಿದ್ದ ಬ್ಯಾಟು ಎತ್ತಿ.

ಅವನು ಹಳೆಯ ತಂತಿ ಕತ್ತರಿಸಿ ಹೊಸ ಗಟ್ಟಿಂಗ್, ಅಂದರೆ ತಂತಿಯ ಹೆಣಿಗೆ, ಹಾಕಿದ. ತಂತಿ ಸಡಿಲವಾದಷ್ಟೂ ಚೆಂಡು ಚಿಮ್ಮುತ್ತದೆ, ಬಿಗಿಯಾದಷ್ಟೂ ಮಾತು ಕೇಳುತ್ತದೆ. ಆದರೆ ತೀರಾ ಬಿಗಿದರೆ ಪೆಟ್ಟು ಮೊಣಕೈಗೆ ಬರುತ್ತದೆ. ಅದಕ್ಕೇ ಮೆತ್ತಗಿನ ತಂತಿಯನ್ನೇ ಆರಿಸಿ, ಮೊದಲಿಗಿಂತ ತುಸು ಬಿಗಿದು ಹೆಣೆದ. ಹೆಣೆದದ್ದನ್ನು ಬೆರಳಿನಿಂದ ಮೀಟಿ ಇವರ ಕಿವಿಯ ಹತ್ತಿರ ಹಿಡಿದ. ಇವರು ಕಣ್ಣು ಮುಚ್ಚಿ ಕೇಳಿ, "ಇನ್ನೊಂದೀಟು," ಅಂದರು. ಇಬ್ಬರೂ ತಾಸುಗಟ್ಟಲೆ ಹಾಗೇ ಕುಳಿತರು. ನಾನು ನಿಜವಾಗಿಯೂ ಒಂದು ಸೀರೆ ಕೊಂಡು ಬಂದೆ.

"ಬ್ಯಾಟಿನ ಅರ್ಧಾ ಕೆಲಸ ನಾ ಮಾಡೇನ್ರಿ," ಅಂದ ಅವನು ಹೊರಡುವಾಗ. "ಉಳದರ್ಧಾ ನಿಮ್ಮ ಕೈ ಕಲೀಬೇಕು."

ಅರವತ್ನಾಲ್ಕರಲ್ಲಿ ಕಲಿತರು. ಚೆಂಡನ್ನು ಎದುರಿನಿಂದ ಗುದ್ದುವುದನ್ನು ಬಿಟ್ಟು, ಕೆಳಗಿನಿಂದ ಅದರ ಬೆನ್ನು ಸವರಿ ಮೇಲೆತ್ತಬೇಕು. ಆಗ ಅದು ಉರುಳುತ್ತ ಹೋಗುತ್ತದೆ, ಬಲೆಯ ಮೇಲೆ ಎತ್ತರಕ್ಕೆ ಹಾರಿ ಗೆರೆಯೊಳಗೆ ತಲೆ ಬಗ್ಗಿಸಿ ಬೀಳುತ್ತದೆ. ಬೀಸು ಅಷ್ಟೇ ದೊಡ್ಡದು, ದಾರಿ ಬೇರೆ. ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ನಾನೇ ಮೊಳೆಯಿಂದ ಮೊಳೆಗೆ ಹಗ್ಗ ಕಟ್ಟಿ ಗೆರೆ ಎಳೆದೆ. ಬುಟ್ಟಿಯಿಂದ ಡಾಕ್ಟರು ಚೆಂಡು ಎಸೆದಳು, ನಾನು ಗೆರೆಯ ಹತ್ತಿರ ನಿಂತೆ. ಔಟ್. ಔಟ್. ಔಟ್. ಬಲೆಗೆ. ಔಟ್. ಮೊದಲ ಎರಡು ದಿನ ನನ್ನ ಗಂಟಲು ಒಡೆದು ಶಾಲೆಯಲ್ಲಿ ಪಾಠ ಮಾಡಲು ಆಗಲಿಲ್ಲ. ದನಿ ಹೋದರೂ ಔಟ್ ಅನ್ನುವುದನ್ನು ಬಿಡಲಿಲ್ಲ. ನಾಲ್ಕನೆಯ ದಿನ ಡಾಕ್ಟರೂ ಅಂದಳು, ದೇವರ ಮುಂದೆ ತಪ್ಪೊಪ್ಪಿಕೊಂಡ ದನಿಯಲ್ಲಿ: "ಔಟ್ರಿ ಸರ್." ಇವರು ಆಕಡೆಯಿಂದ ಹೆಬ್ಬೆರಳು ಎತ್ತಿದರು. ಎರಡನೆಯ ವಾರಕ್ಕೆ ನಾನು ಔಟ್ ಅನ್ನುವುದು ಕಡಿಮೆಯಾಯಿತು. ಸಂಜೆ ಎಣ್ಣೆ ಬಿಸಿ ಮಾಡಿ ಕೈ ತಿಕ್ಕುತ್ತಿದ್ದೆ, ಈಗ ಅವರು ಚಾವಣಿ ನೋಡುತ್ತಿರಲಿಲ್ಲ.

ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿ ಮುಟ್ಟಿದಾಗ ಗೆಳೆಯರು ಅಂಗಳದ ಬಾಗಿಲಲ್ಲೇ ಕಾಯುತ್ತಿದ್ದರು. ಇವರನ್ನು ನೋಡಿದ್ದೇ ತಬ್ಬಿಕೊಂಡು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ದೂರ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ವೈನಿ, ಮಾಸ್ತರಗ ಹೊಟ್ಟಿಗಿ ಹಾಕೀರೋ ಇಲ್ಲೋ? ಅರ್ಧಾ ಆಗ್ಯಾನಲ್ರಿ!" ಅಂದರು.

"ಸುಮ್ಮಕಿರು," ಅಂದರು ಇವರು. "ಜಡ್ಡಿನ ಮಾತು ಯಾರ ಮುಂದೂ ತೆಗೀಬ್ಯಾಡ. ನನ್ನ ಮ್ಯಾಲೆ ಆಣಿ ಐತಿ."

ಎದುರಾಳಿಗಳು ಇಂಡಿಯವರು, ಇಬ್ಬರೂ ಆ ವರ್ಷ ಹೊಸಬರು. ಒಬ್ಬರು ಲಿಂಬೆ ತೋಟದವರು, ಒಣಗಿದ ಕಡ್ಡಿಯಂಥವರು, ಸುತ್ತಲೂ ಓಡುತ್ತಿದ್ದರು. ಇನ್ನೊಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಪ್ರತಿ ಚೆಂಡಿಗೂ ಬಗ್ಗಿ ಗುರುತು ನೋಡುವವರು. ಇವರ ಮೊದಲನೆಯ ಚೆಂಡೇ ಎರಡು ಬೆರಳು ಆಚೆ ಬಿತ್ತು. "ಔಟ್!" ಅಂದರು ಮ್ಯಾನೇಜರು, ದಯೆ ದಾಕ್ಷಿಣ್ಯ ಇಲ್ಲದೆ. ನಾನು ಸೆರಗಿನ ತುದಿ ಬಾಯಲ್ಲಿ ಕಚ್ಚಿ ಹಿಡಿದೆ. ಇವರು ತಲೆ ಆಡಿಸಿ, ಬ್ಯಾಟಿನ ತಂತಿಯನ್ನು ಬೆರಳಿನಿಂದ ಸರಿಮಾಡಿಕೊಂಡು ಹಿಂದಕ್ಕೆ ಹೋದರು. ಮುಂದಿನದು ಎತ್ತರಕ್ಕೆ ಹಾರಿ, ಗೆರೆಯೊಳಗೆ ಬಗ್ಗಿ ಬಿದ್ದು, ಮ್ಯಾನೇಜರ ಹೆಗಲ ಮೇಲಿಂದ ಪುಟಿದು ಹೋಯಿತು.

ಮೊದಲ ಸೆಟ್ ಸೋತರು. ಎರಡನೆಯದು ಗೆದ್ದರು. ಆ ಬ್ಯಾಟಿನ ಕಸುವು ಏನು ಅನ್ನುವುದು ಆವತ್ತು ನನಗೆ ಕಂಡಿತು. ಇವರು ಅದಕ್ಕೆ ಲಗಾಮು ಹಾಕಿದ್ದರು, ಹಾಕಿದ ಲಗಾಮು ಬಿಡದೆ ಓಡಿಸುತ್ತಿದ್ದರು. ದಣಿದಾಗ ಬ್ಯಾಟು ತನ್ನ ಪಾಲು ಕೊಡುತ್ತಿತ್ತು. ಗೆಳೆಯರು ಬಲೆಯ ಹತ್ತಿರ ಗೋಡೆಯಾಗಿ ನಿಂತು, "ಶಾಬಾಶ್ ಮಾಸ್ತರ!" ಅಂತ ಒದರುತ್ತಿದ್ದರು. ಮ್ಯಾನೇಜರು ಒಂದಕ್ಕೆ ಔಟ್ ಅಂದರೆ ಇವರು ಬಲೆಯವರೆಗೆ ಹೋಗಿ, "ಹೆಂಗ ಔಟ್ರಿ? ಸುಣ್ಣಾ ಹಾರೇತಿ ನೋಡ್ರಿ!" ಅಂತ ಜಗಳಕ್ಕೆ ನಿಂತರು. ನಮ್ಮ ಮನೆಯಲ್ಲಿ ದನಿ ಎತ್ತದ ಮನುಷ್ಯ! ಜಗಳದಲ್ಲಿ ಗೆದ್ದೂ ಬಂದರು.

ಮೂರನೆಯ ಸೆಟ್ಟಿನ ಕಡೆಗೆ ಇವರು ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಳ್ಳುವುದನ್ನು ನೋಡಿದೆ. ಕಡೆಯ ಚೆಂಡು ಇವರಿಗೇ ಬಂತು. ಹಿಂದಿನಿಂದ ಹೊರಟ ಕೈ ಪೂರ್ತಿ ಬೀಸಿ ಎದುರು ಹೆಗಲಿಗೆ ಬಂದು ನಿಂತಿತು, ನಾನು ಮದುವೆಯಾದ ವರ್ಷ ಕಂಡ ಹಾಗೆ. ಚೆಂಡು ಮೂಲೆಗೆ ಹೋಗಿ ಬಿತ್ತು. ಇಂಡಿಯವರು ಇಬ್ಬರೂ ಬಗ್ಗಿ ನೋಡಿದರು. ಇವರನ್ನೂ ಕರೆದರು. ಇವರು ಹೋಗಿ ಕುಕ್ಕರುಗಾಲಲ್ಲಿ ಕುಳಿತು ಗುರುತಿಗೂ ಗೆರೆಗೂ ನಡುವೆ ಬೆರಳಿಟ್ಟರು. ಒಂದೇ ಬೆರಳಿನಷ್ಟು. "ಔಟ್," ಅಂದರು ಇವರೇ. ಆಟ ಮುಗಿಯಿತು, ಸೋತರು.

ಬೇವಿನ ಗಿಡದ ಕೆಳಗೆ ಎಲ್ಲರೂ ನೀರು ಕುಡಿಯುತ್ತ ಕುಳಿತಿದ್ದೆವು. ಮ್ಯಾನೇಜರು ಇವರ ಕೈ ಕುಲುಕಿ, "ಏನ್ ಹೊಡಿತೀರ್ರಿ ನೀವು, ಕೈ ಜುಮ್ ಅಂದುವು ನಮ್ಮವು," ಅಂದರು. ಅಷ್ಟಕ್ಕೇ ಗೆಳೆಯರ ಬಾಯಿ ಆಣೆಯನ್ನು ಮರೆತಿತು. "ಏನಂತ ತಿಳದೀರಿ? ನಾಕ ತಿಂಗಳು ಹಾಸಿಗಿ ಹಿಡದಿದ್ದ ಮನಷ್ಯಾರಿ ಇಂವ. ರೊಟ್ಟಿ ಮುರೀಲಾಕ ಬರತಿದ್ದಿಲ್ಲ."

ಇವರ ಮುಖ ಬಿಗಿಯಿತು. ಇಷ್ಟು ಮಾಡಿದ್ದೆಲ್ಲ ನೀರಿಗೆ ಹೋಯಿತು ಅಂದುಕೊಂಡೆ.

ಲಿಂಬೆ ತೋಟದವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ಶಿವನ! ಹೌದೇನ್ರಿ? ನಮಗ ಗೊತ್ತ ಆಗಲಿಲ್ಲಲ್ರಿ. ಎರಡು ತಾಸು ಆಡಿದ್ರೂ ಒಂದೀಟ ಗೊತ್ತಾಗಲಿಲ್ಲ. ಗೊತ್ತಾಗಿದ್ರ ಆ ಕಡೀ ಚೆಂಡು ಬಿಟ್ಟು ಕೊಡತಿದ್ವಿ."

ಬೂಟಿನ ಕಟ್ಟು ಬಿಚ್ಚುತ್ತಿದ್ದ ಇವರ ಕೈ ನಿಂತಿತು. ತಲೆ ಎತ್ತಿದರು. ಮೊದಲು ಅವರನ್ನು ನೋಡಿದರು, ಆಮೇಲೆ ನನ್ನನ್ನು. ಇವರ ಮುಖದಲ್ಲಿ ಅಂಥ ಕಳೆಯನ್ನು ನಾನು ಎಂದೂ ಕಂಡಿರಲಿಲ್ಲ.

"ಇನ್ನೊಮ್ಮೆ ಹೇಳ್ರಿ," ಅಂದರು ಲಿಂಬೆಯವರಿಗೆ. "ನಮ್ಮಾಕಿಗೆ ಕೇಳಿಸಿಲ್ಲ."

ನಾನು ಎರಡು ಮಾರು ದೂರದಲ್ಲಿ ಕುಳಿತಿದ್ದೆ. ಒಂದಕ್ಷರ ಬಿಡದೆ ಕೇಳಿಸಿತ್ತು, ಕೇಳಿಸಿಯೇ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಹೌದ್ರಿ," ಅಂದೆ, "ನನಗ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳ್ರಿ."